ಮೇಣದ ಮರಳಿನಿಂದ ಮಣ್ಣಿಗೆ: ಅಂಗಳ ಬದಲಾದಾಗ ಓಟದ ಕುದುರೆಯ ಮೈಯಲ್ಲಿ ಏನಾಗುತ್ತದೆ?

2008ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಅನಿತಾದಲ್ಲಿ ಎರಡು ವರ್ಷದ ಕುದುರೆಗಳಿಗಾಗಿ ಬ್ರೀಡರ್ಸ್ ಕಪ್ ಜುವೆನೈಲ್ ಪಂದ್ಯ ನಡೆಯಿತು. ಮೈನ್ ದಟ್ ಬರ್ಡ್ ಎಂಬ ಕುದುರೆ ಅದರಲ್ಲಿ ಎಲ್ಲಕ್ಕಿಂತ ಹಿಂದೆ, ಹನ್ನೆರಡನೆಯದಾಗಿ ಗುರಿ ಮುಟ್ಟಿತು. ಆರು ತಿಂಗಳ ನಂತರ, 2009ರ ಮೇ 2ರಂದು, ಅದೇ ಕುದುರೆ ಅಮೆರಿಕದ ಅತಿ ಪ್ರಸಿದ್ಧ ಪಂದ್ಯವಾದ ಕೆಂಟಕಿ ಡರ್ಬಿಯನ್ನು ಆರೂಮುಕ್ಕಾಲು ಕುದುರೆಯುದ್ದದ ಅಂತರದಿಂದ ಗೆದ್ದಿತು. ಒಂದು ಡಾಲರಿಗೆ ಐವತ್ತು ಡಾಲರ್ ಕೊಡುವ ದರದಲ್ಲಿ ನಿಂತಿದ್ದ ಕುದುರೆಯದು. ಗೆಲ್ಲಬಹುದೆಂದು ನಂಬಿದವರು ಬಹಳ ಕಡಿಮೆ. ಸಾಂತಾ ಅನಿತಾದಲ್ಲಿ ಅದರ ಕಾಲಡಿ ಇದ್ದದ್ದು ಪ್ರೋ-ರೈಡ್ ಎಂಬ ಸಿಂಥೆಟಿಕ್ ಹಾಸು. ಡರ್ಬಿ ನಡೆದ ಚರ್ಚಿಲ್ ಡೌನ್ಸ್‌ನಲ್ಲಿ ಇದ್ದದ್ದು ಮಳೆಗೆ ನೆನೆದು ನೀರು ನಿಂತ ಮಣ್ಣು.

ಇಷ್ಟನ್ನೇ ನೋಡಿದರೆ, ಸಿಂಥೆಟಿಕ್‌ಗೆ ಒಗ್ಗದ ಕುದುರೆ ಮಣ್ಣಿಗೆ ಒಗ್ಗಿತು ಎಂದು ಕತೆ ಮುಗಿಸಬಹುದು. ಆದರೆ ಮೈನ್ ದಟ್ ಬರ್ಡ್ ಅದಕ್ಕೂ ಮೊದಲು ಕೆನಡಾದ ವುಡ್‌ಬೈನ್‌ನಲ್ಲಿ, ಪಾಲಿಟ್ರ್ಯಾಕ್ ಎಂಬ ಇನ್ನೊಂದು ಸಿಂಥೆಟಿಕ್ ಹಾಸಿನ ಮೇಲೆ, ಪಂದ್ಯದ ಮೇಲೆ ಪಂದ್ಯ ಗೆದ್ದು ಆ ದೇಶದ ಎರಡು ವರ್ಷದ ಗಂಡು ಕುದುರೆಗಳ ಸಾಲಿನಲ್ಲಿ ಚಾಂಪಿಯನ್ ಎನಿಸಿಕೊಂಡಿತ್ತು. ಡರ್ಬಿಯಲ್ಲಿ ಎರಡನೆಯದಾಗಿ ಬಂದ ಪಯನೀರಾಫ್ ದಿ ನೈಲ್ ಅಂತೂ ಹಿಂದಿನ ನಾಲ್ಕು ದೊಡ್ಡ ಪಂದ್ಯಗಳನ್ನು ಸತತವಾಗಿ ಸಿಂಥೆಟಿಕ್ ಅಂಗಳಗಳಲ್ಲೇ ಗೆದ್ದು ಬಂದಿತ್ತು. ಅಂದರೆ ಆ ದಿನ ಕೆಸರಿನಲ್ಲಿ ಮೊದಲೆರಡು ಸ್ಥಾನ ಹಿಡಿದ ಎರಡೂ ಕುದುರೆಗಳು ಹೆಸರು ಮಾಡಿದ್ದು ಮಣ್ಣಿನ ಮೇಲಲ್ಲ.

ರೇಸಿನ ಜನ ‘ಈ ಕುದುರೆ ಮಣ್ಣಿಗೆ ಒಗ್ಗುತ್ತದೆ, ಅದು ಒಗ್ಗುವುದಿಲ್ಲ’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾರೆ. ನನ್ನ ಪ್ರಕಾರ ಆ ತೀರ್ಪಿನ ತಪ್ಪು ಅದರ ಅವಸರದಲ್ಲಿದೆ. ಕುದುರೆ ಒಂದೇ ಏಟಿಗೆ ಇಡಿಯಾಗಿ ಒಗ್ಗುವುದಿಲ್ಲ. ಗೊರಸು, ಮುಖ, ಉಸಿರು, ಮೂಳೆ ಒಂದೊಂದೂ ತನ್ನದೇ ವೇಗದಲ್ಲಿ ಹೊಸ ನೆಲವನ್ನು ಕಲಿಯುತ್ತದೆ. ಎಲ್ಲಕ್ಕಿಂತ ನಿಧಾನವಾಗಿ ಕಲಿಯುವ ಭಾಗ ಕಣ್ಣಿಗೆ ಕಾಣುವುದೂ ಇಲ್ಲ, ಸ್ಟಾಪ್‌ವಾಚ್‌ಗೆ ಸಿಗುವುದೂ ಇಲ್ಲ.

ಬೆಂಗಳೂರು, ಮೈಸೂರುಗಳ ರೇಸುಗಳನ್ನು ನೋಡಿ ಬೆಳೆದವರಿಗೆ ಈ ವ್ಯತ್ಯಾಸ ಅಷ್ಟಾಗಿ ಪರಿಚಯವಿರುವುದಿಲ್ಲ. ನಮ್ಮಲ್ಲಿ ಪಂದ್ಯ ನಡೆಯುವುದು ಹುಲ್ಲಿನ ಮೇಲೆ. ಬೆಳಗಿನ ಅಭ್ಯಾಸದ ವರದಿಗಳಲ್ಲಿ ‘ಇನ್ನರ್ ಸ್ಯಾಂಡ್’, ‘ಔಟರ್ ಸ್ಯಾಂಡ್’ ಎಂದು ಕಾಣುವ ಮರಳಿನ ಹಾದಿಗಳು ಕೇವಲ ತಾಲೀಮಿಗೆ. ಅಮೆರಿಕದಲ್ಲಿ ದೊಡ್ಡ ಪಂದ್ಯಗಳ ಪ್ರತಿಷ್ಠೆಯೆಲ್ಲ ಮಣ್ಣಿಗೆ ಅಂಟಿಕೊಂಡಿದೆ. ಅಲ್ಲಿಗೆ ಸಿಂಥೆಟಿಕ್ ಹಾಸು ಬಂದದ್ದು ಈ ಶತಮಾನದಲ್ಲಿ. ಇಂಗ್ಲೆಂಡಿನ ಲಿಂಗ್‌ಫೀಲ್ಡ್‌ನಲ್ಲಿ ಬಳಕೆಗೆ ಬಂದಿದ್ದ ಪಾಲಿಟ್ರ್ಯಾಕ್ 2005ರಲ್ಲಿ ಕೆಂಟಕಿಯ ಟರ್ಫ್‌ವೇ ಪಾರ್ಕ್‌ಗೆ ಕಾಲಿಟ್ಟಿತು. ಮರುವರ್ಷ ಕೀನ್‌ಲ್ಯಾಂಡ್ ಅದನ್ನು ಹಾಸಿಕೊಂಡಿತು. ಕುದುರೆಗಳ ಸಾವುಗಳಿಂದ ಕಳವಳಗೊಂಡ ಕ್ಯಾಲಿಫೋರ್ನಿಯಾದ ರೇಸಿಂಗ್ ಮಂಡಳಿ, 2007ರ ಕೊನೆಯೊಳಗೆ ರಾಜ್ಯದ ಪ್ರಮುಖ ಮೈದಾನಗಳೆಲ್ಲ ಸಿಂಥೆಟಿಕ್ ಆಗಬೇಕೆಂದು 2006ರಲ್ಲಿ ಕಟ್ಟಪ್ಪಣೆ ಮಾಡಿತು. ಆ ಉತ್ಸಾಹ ಹೆಚ್ಚು ಕಾಲ ಉಳಿಯಲಿಲ್ಲ. ಸಾಂತಾ ಅನಿತಾ 2010ರ ಕೊನೆಗೆ, ಕೀನ್‌ಲ್ಯಾಂಡ್ 2014ರಲ್ಲಿ, ಡೆಲ್ ಮಾರ್ 2015ರಲ್ಲಿ ಮರಳಿ ಮಣ್ಣಿಗೆ ಬಂದವು. ದುಬೈನ ಮೇದಾನ್ ಕೂಡ 2010ರಲ್ಲಿ ಟಪೇಟಾ ಎಂಬ ಹಾಸಿನೊಂದಿಗೆ ತೆರೆದು, ಐದೇ ವರ್ಷಕ್ಕೆ ಮಣ್ಣಿನ ಮೇಲೆ ದುಬೈ ವಿಶ್ವಕಪ್ ಓಡಿಸಿತು. ಈ ಹೋಗುಬರುವಿಕೆಯಲ್ಲಿ ಸಾವಿರಾರು ಕುದುರೆಗಳು ಒಂದು ನೆಲದಿಂದ ಇನ್ನೊಂದಕ್ಕೆ ದಾಟಬೇಕಾಯಿತು. ಇಂದು ನಮಗಿರುವ ತಿಳಿವಳಿಕೆಯ ಬಹುಪಾಲು ಆ ದಾಟುವಿಕೆಯಿಂದಲೇ ಬಂದದ್ದು.

ಸಿಂಥೆಟಿಕ್ ಎಂದ ಕೂಡಲೇ ಪ್ಲಾಸ್ಟಿಕ್ ಚಾಪೆಯನ್ನು ಕಲ್ಪಿಸಿಕೊಳ್ಳಬಾರದು. ಅದರಲ್ಲಿ ಹೆಚ್ಚಿನ ಪಾಲು ಮರಳೇ. ಅದಕ್ಕೆ ಕೃತಕ ನಾರು, ಕೆಲವೆಡೆ ರಬ್ಬರ್ ಚೂರು ಬೆರೆಸಿ, ಪ್ರತಿ ಕಣಕ್ಕೂ ಮೇಣ ಅಥವಾ ಅಂಥದೇ ಅಂಟಿನ ಲೇಪ ಕೊಡುತ್ತಾರೆ. ಮೇಣವಿರುವುದರಿಂದ ನೀರು ಕಣಗಳಿಗೆ ಅಂಟದೆ ನೇರವಾಗಿ ಕೆಳಗಿಳಿಯುತ್ತದೆ. ಹೀಗಾಗಿ ಮಳೆ ಬಂದರೂ ಹಾಸು ಹೆಚ್ಚು ಬದಲಾಗುವುದಿಲ್ಲ. ಆದರೆ ಬಿಸಿಲೇರಿದಂತೆ ಮೇಣ ಮೆತ್ತಗಾಗುತ್ತದೆ, ಬೆಳಗ್ಗೆ ಓಡಿದ ಹಾಸೇ ಮಧ್ಯಾಹ್ನ ಬೇರೆ ವೇಗ ಕೊಡುತ್ತದೆ. ಮಣ್ಣಿನ ಅಂಗಳದಲ್ಲಿ ಮರಳು, ಗೋಡು, ಜೇಡಿ ಸೇರಿರುತ್ತವೆ. ಅಲ್ಲಿ ಕಣಗಳನ್ನು ಹಿಡಿದಿಡುವುದು ನೀರು. ತೇವ ಕೊಂಚ ಹೆಚ್ಚುಕಡಿಮೆಯಾದರೂ ನೆಲದ ಗುಣ ಬೇರೆಯಾಗುತ್ತದೆ. ಆದ್ದರಿಂದಲೇ ಪಂದ್ಯಗಳ ನಡುವೆ ಟ್ಯಾಂಕರ್ ನೀರು ಚಿಮುಕಿಸುತ್ತದೆ, ಹಿಂದೆಯೇ ಹಲುಬೆ ಎಳೆಯಲಾಗುತ್ತದೆ. ಮಳೆ ಬರುವ ಸೂಚನೆಯಿದ್ದರೆ ಮೇಲ್ಮೈಯನ್ನು ಒತ್ತಿ ಮುಚ್ಚುತ್ತಾರೆ, ನೀರು ಒಳಗಿಳಿಯದೆ ಪಕ್ಕಕ್ಕೆ ಹರಿದುಹೋಗಲೆಂದು. ಮಣ್ಣಿಗೆ ಬರುವ ಕುದುರೆ ಒಂದು ನೆಲವನ್ನು ಕಲಿತರೆ ಸಾಲದು, ಅದೇ ನೆಲದ ನಾಲ್ಕಾರು ಅವತಾರಗಳನ್ನು ಕಲಿಯಬೇಕು.

ಮೊದಲು ಗೊರಸನ್ನು ನೋಡೋಣ. ನಾಗಾಲೋಟದಲ್ಲಿರುವ ಥರೋಬ್ರೆಡ್ (ಓಟಕ್ಕೆಂದೇ ಬೆಳೆಸಿದ ತಳಿ) ಕುದುರೆ ಗಂಟೆಗೆ 60 ಕಿಲೋಮೀಟರಿಗೂ ಮೀರಿದ ವೇಗದಲ್ಲಿ, ಸೆಕೆಂಡಿಗೆ ಎರಡಕ್ಕೂ ಹೆಚ್ಚು ದಾಪುಗಾಲು ಹಾಕುತ್ತದೆ. ಒಂದೊಂದು ಗೊರಸು ನೆಲದ ಮೇಲಿರುವುದು ಸುಮಾರು ಸೆಕೆಂಡಿನ ಹತ್ತನೆಯ ಒಂದು ಭಾಗ. ಅಷ್ಟರಲ್ಲಿ ಮುಂಗಾಲು ಕುದುರೆಯ ಮೈತೂಕದ ಎರಡೂವರೆ ಪಟ್ಟಿನಷ್ಟು ಭಾರವನ್ನು ಹೊರಬೇಕು. ಐನೂರು ಕಿಲೋ ತೂಗುವ ಕುದುರೆಗೆ ಇದು ಸುಮಾರು ಸಾವಿರದ ಇನ್ನೂರೈವತ್ತು ಕಿಲೋ ಹೊರೆ. ಆ ಕ್ಷಣದಲ್ಲಿ ನಡೆಯುವ ಕೆಲಸಗಳು ಮೂರು. ಗೊರಸು ನೆಲಕ್ಕೆ ಬಡಿಯುತ್ತದೆ, ಮೈಯ ಭಾರ ಕಾಲಿನ ಮೇಲೆ ಇಳಿಯುತ್ತದೆ, ಕೊನೆಗೆ ಗೊರಸಿನ ತುದಿ ನೆಲವನ್ನು ಹಿಂದಕ್ಕೆ ಒದ್ದು ಏಳುತ್ತದೆ.

ಮಣ್ಣಿನ ಮೇಲೆ ಬಡಿದ ಗೊರಸು ತಕ್ಷಣ ನಿಲ್ಲುವುದಿಲ್ಲ, ತುಸು ಮುಂದಕ್ಕೆ ಜಾರಿ ನಿಲ್ಲುತ್ತದೆ. ಈ ಜಾರುವಿಕೆ ದೋಷವಲ್ಲ. ಮುಂದಕ್ಕೆ ಧಾವಿಸುತ್ತಿರುವ ಮೈಯನ್ನು ಒಮ್ಮೆಗೇ ತಡೆದರೆ ಆಗುವ ಆಘಾತವನ್ನು ಅದು ಹಂಚಿಹಾಕುತ್ತದೆ. ಏಳುವಾಗಲೂ ತುದಿಯ ಹಿಂದಿನ ಮಣ್ಣು ಕಿತ್ತು ಹಿಂದಕ್ಕೆ ಹಾರುತ್ತದೆ, ಒದೆತದ ಬಲ ಸ್ವಲ್ಪ ಸೋರಿಹೋಗುತ್ತದೆ. ಸಿಂಥೆಟಿಕ್ ಹಾಸಿನಲ್ಲಿ ನಾರು ಮತ್ತು ಮೇಣ ಕಣಗಳನ್ನು ಹಿಡಿದಿರುವುದರಿಂದ ಗೊರಸು ಅಷ್ಟು ಜಾರುವುದಿಲ್ಲ. ಮೇಲಿನಿಂದ ಕೆಳಗೆ ಬೀಳುವ ಬಡಿತಕ್ಕೆ ಮಾತ್ರ ಅದು ಮೃದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು ಕುದುರೆಯ ಗೊರಸಿಗೇ ಅಳತೆಯ ಉಪಕರಣ ಕಟ್ಟಿ ಓಡಿಸಿ 2009ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದೇ ದಿಕ್ಕಿನಲ್ಲಿತ್ತು: ಬಡಿತದ ತೀವ್ರತೆ, ಕಂಪನ ಎರಡೂ ಮಣ್ಣಿಗಿಂತ ಸಿಂಥೆಟಿಕ್‌ನಲ್ಲಿ ಕಡಿಮೆ. ಹೀಗೆ ಒಂದು ನೆಲ ಕೆಳಮುಖವಾಗಿ ಮೆತ್ತಗೆ, ಅಡ್ಡಕ್ಕೆ ಬಿಗಿ. ಇನ್ನೊಂದು ಕೆಳಮುಖವಾಗಿ ಗಡುಸು, ಅಡ್ಡಕ್ಕೆ ಸಡಿಲ. ‘ಮೃದು ನೆಲ, ಗಟ್ಟಿ ನೆಲ’ ಎಂಬ ಮಾತು ಇವೆರಡರ ವ್ಯತ್ಯಾಸವನ್ನು ಹೇಳಲಾರದು.

ಸಿಂಥೆಟಿಕ್‌ನಲ್ಲಿ ಪಳಗಿದ ಕುದುರೆ ಮೊದಲ ಸಲ ಮಣ್ಣಿನ ಮೇಲೆ ಓಡಿದಾಗ, ಕಾಲಡಿಯ ನೆಲ ಹಿಂದಕ್ಕೆ ಸರಿಯುತ್ತಿರುವುದು ಅದಕ್ಕೆ ತಿಳಿಯುತ್ತದೆ. ಕೆಲವು ಕುದುರೆಗಳು ಕಾಲನ್ನು ಚಾಚಲು ಹಿಂಜರಿದು ದಾಪುಗಾಲನ್ನು ಕಿರಿದು ಮಾಡಿಕೊಳ್ಳುತ್ತವೆ. ಅನುಭವಿ ಸವಾರ ಇದನ್ನು ತಡಿಯ ಮೇಲೆ ಕುಳಿತೇ ಗುರುತಿಸುತ್ತಾನೆ. ಇದು ಬೇಗ ಸರಿಹೋಗುವ ಸಂಗತಿ. ನರಮಂಡಲ ಪ್ರತಿ ಹೆಜ್ಜೆಯ ಅನುಭವದಿಂದ ಮುಂದಿನ ಹೆಜ್ಜೆಯನ್ನು ತಿದ್ದುತ್ತದೆ. ಆರೋಗ್ಯವಂತ ಕುದುರೆ ಕೆಲವೇ ಬೆಳಗಿನ ತಾಲೀಮುಗಳಲ್ಲಿ ಹೊಸ ಲಯ ಹಿಡಿಯುತ್ತದೆ. ಎಲ್ಲ ಕುದುರೆಗಳೂ ಅಷ್ಟೇ ಚೆನ್ನಾಗಿ ಹಿಡಿಯುತ್ತವೆ ಎಂದಲ್ಲ. ಕಾಲನ್ನು ನೆಲಕ್ಕೆ ಹತ್ತಿರವಾಗಿ ಬೀಸಿ ತೇಲುವಂತೆ ಓಡುವ ಕುದುರೆಗಿಂತ, ಮೊಣಕಾಲೆತ್ತಿ ನೆಲವನ್ನು ಬಗೆದು ಓಡುವ ಕುದುರೆ ಮಣ್ಣಿನಲ್ಲಿ ಸುಖವಾಗಿರುತ್ತದೆಂದು ಹಳೆಯ ತರಬೇತುದಾರರು ಹೇಳುತ್ತಾರೆ. ಹುಟ್ಟಿನಿಂದ ಬಂದ ಓಟದ ಶೈಲಿಯನ್ನು ತಾಲೀಮು ಒಂದು ಮಿತಿಯವರೆಗಷ್ಟೇ ಬದಲಿಸಬಲ್ಲದು. ಲಾಳ ಬದಲಿಸಿ ಹಿಡಿತ ಹೆಚ್ಚಿಸುವ ದಾರಿಯೂ ಈಗ ಕಿರಿದಾಗಿದೆ. 2022ರಿಂದ ಅಮೆರಿಕದಲ್ಲಿ ಜಾರಿಯಾದ ರಾಷ್ಟ್ರೀಯ ಸುರಕ್ಷತಾ ನಿಯಮಗಳು ಮುಂಗಾಲಿನ ಲಾಳದ ಅಂಚು 2 ಮಿಲಿಮೀಟರಿಗಿಂತ ಎತ್ತರವಿರಬಾರದು ಎನ್ನುತ್ತವೆ. ಒಳ್ಳೆಯ ನಿಯಮ. ಗೊರಸು ನೆಲಕ್ಕೆ ಕಚ್ಚಿಕೊಂಡಷ್ಟೂ ಅದರ ಮೇಲಿನ ಕೀಲುಗಳು ಬೆಲೆ ತೆರುತ್ತವೆ.

ಗೊರಸಿಗಿಂತ ಕಷ್ಟದ ಪಾಠ ಮುಖದ್ದು. ಮುಂದೆ ಓಡುವ ಕುದುರೆಯ ಗೊರಸುಗಳು ಎರಚುವ ಮಣ್ಣಿನ ಹೆಂಟೆಗಳು ಹಿಂದಿನ ಕುದುರೆಯ ಕಣ್ಣು, ಮೂಗು, ಎದೆಗೆ ಬಂದು ಅಪ್ಪಳಿಸುತ್ತವೆ. ಸಿಂಥೆಟಿಕ್‌ನಲ್ಲೂ ಕಣಗಳು ಹಾರುತ್ತವೆ, ಆದರೆ ಹಗುರವಾಗಿ. ಒದ್ದೆ ಮಣ್ಣಿನ ಪಂದ್ಯಕ್ಕೆ ಜಾಕಿಗಳು ಒಂದರ ಮೇಲೊಂದು ಕನ್ನಡಕ ಧರಿಸಿ ಹೊರಟು, ಕೆಸರು ಮುಚ್ಚಿದಂತೆ ಒಂದೊಂದನ್ನೇ ಕೆಳಗೆಳೆಯುತ್ತಾರೆ. ಕುದುರೆಗೆ ಆ ಸೌಕರ್ಯವಿಲ್ಲ. ಕುದುರೆ ಬೇಟೆಗೆ ಬಲಿಯಾಗುತ್ತಿದ್ದ ವಂಶದ ಪ್ರಾಣಿ. ಮುಖಕ್ಕೆ ಏನಾದರೂ ಬಂದು ಬಡಿದರೆ ತಲೆಯೆತ್ತಿ ಹಿಂಜರಿಯುವುದೇ ಅದರ ಸಹಜ ಬುದ್ಧಿ. ತಲೆಯೆತ್ತಿದ ಕುದುರೆಯ ಬೆನ್ನು ಬಿಗಿಯುತ್ತದೆ, ದಾಪುಗಾಲು ಕುಗ್ಗುತ್ತದೆ. ನಾಗಾಲೋಟದಲ್ಲಿ ಒಂದು ದಾಪುಗಾಲಿಗೆ ಒಂದೇ ಉಸಿರು ಎಂಬ ಕಟ್ಟುನಿಟ್ಟಾದ ಜೋಡಣೆ ಇರುವುದರಿಂದ ಉಸಿರಾಟವೂ ಕೆಡುತ್ತದೆ. ಇಂಥ ಕುದುರೆ ಸೋತಾಗ ‘ದಮ್ಮಿಲ್ಲ’ ಎಂದು ತೀರ್ಮಾನಿಸುವುದು ಸುಲಭ. ಕಾರಣ ಶ್ವಾಸಕೋಶದಲ್ಲಿಲ್ಲ, ಭಯದಲ್ಲಿದೆ.

ಇದಕ್ಕೆ ಮದ್ದು ತಾಳ್ಮೆಯೊಂದೇ. ಬೆಳಗಿನ ತಾಲೀಮಿನಲ್ಲಿ ಕುದುರೆಯನ್ನು ಮೊದಲು ಒಂದರ ಹಿಂದೆ, ಬಹಳ ದೂರದಲ್ಲಿ ಓಡಿಸುತ್ತಾರೆ. ಹಲವು ದಿನಗಳಲ್ಲಿ ಹತ್ತಿರ ತಂದು, ಕೊನೆಗೆ ಎರಡು ಮೂರು ಕುದುರೆಗಳ ಹಿಂದೆ ಬಿಟ್ಟು, ಎರಚಾಟದ ನಡುವೆಯೇ ಸವಾರ ಪಕ್ಕಕ್ಕೆ ಎಳೆದು ದಾರಿ ತೋರಿಸುತ್ತಾನೆ. ಎರಚಾಟ ಸಹಿಸಿದರೆ ಮುಂದೆ ತೆರಪು ಸಿಗುತ್ತದೆ ಎಂಬುದನ್ನು ಕುದುರೆ ಕಲಿಯಬೇಕು. ಒಮ್ಮೆ ತೀರಾ ಹೆದರಿದ ಕುದುರೆ ಆ ಭಯವನ್ನು ಬಹುಕಾಲ ನೆನಪಿಟ್ಟುಕೊಳ್ಳುತ್ತದೆ. ಆದ್ದರಿಂದ ಮೊದಲ ಮಣ್ಣಿನ ಪಂದ್ಯವನ್ನೇ ಪಾಠಶಾಲೆಯಾಗಿಸುವ ತರಬೇತುದಾರರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಓಟದ ಲೆಕ್ಕಾಚಾರ. ಸಿಂಥೆಟಿಕ್ ಪಂದ್ಯಗಳು ಸಾಮಾನ್ಯವಾಗಿ ಹುಲ್ಲಿನ ಪಂದ್ಯಗಳ ಹಾಗೆ ನಡೆಯುತ್ತವೆ: ಆರಂಭದಲ್ಲಿ ಸಾವಧಾನ, ಕೊನೆಯ ನೇರ ಹಾದಿಯಲ್ಲಿ ಸ್ಫೋಟ. ಮಣ್ಣಿನ ಪಂದ್ಯದಲ್ಲಿ ಗೇಟು ತೆರೆದ ಕ್ಷಣದಿಂದಲೇ ವೇಗಕ್ಕಾಗಿ ಜಗಳ. ಮುಂದೆ ಹೋದವರಿಗೆ ಎರಚಾಟ ಇಲ್ಲದಿರುವುದೂ ಅದಕ್ಕೊಂದು ಕಾರಣ. ಮೊದಲ ಕಾಲು ಮೈಲಿಯೇ ಎಲ್ಲಕ್ಕಿಂತ ವೇಗವಾಗಿ ಕಳೆದು, ಉಳಿದ ದೂರವೆಲ್ಲ ಯಾರು ಕಡಿಮೆ ನಿಧಾನವಾಗುತ್ತಾರೆ ಎಂಬ ಪೈಪೋಟಿಯಾಗುತ್ತದೆ. 1973ರ ಡರ್ಬಿಯಲ್ಲಿ ಸೆಕ್ರೆಟೇರಿಯಟ್ ಪ್ರತಿ ಕಾಲು ಮೈಲಿಯನ್ನೂ ಹಿಂದಿನದಕ್ಕಿಂತ ವೇಗವಾಗಿ ಓಡಿದ್ದನ್ನು ಇಂದಿಗೂ ಪವಾಡವೆಂದು ನೆನೆಯುವುದು ಇದೇ ಕಾರಣಕ್ಕೆ. ಸಿಂಥೆಟಿಕ್‌ನಲ್ಲಿ ಕಾದು ನುಗ್ಗಲು ಕಲಿತ ಕುದುರೆ ಮಣ್ಣಿಗೆ ಬಂದಾಗ ಆರಂಭದಲ್ಲೇ ಹತ್ತು ಹದಿನೈದು ಕುದುರೆಯುದ್ದ ಹಿಂದೆ ಬೀಳಬಹುದು. ಅಥವಾ ಜಾಕಿಯ ಅವಸರಕ್ಕೆ ಮುಂದೆ ನುಗ್ಗಿ, ಆಮ್ಲಜನಕದ ಸಾಲ ಮಾಡಿಕೊಂಡು, ಕೊನೆಯಲ್ಲಿ ಬಸವಳಿಯಬಹುದು. ಈ ಹೊಸ ಬಗೆಯ ದಣಿವಿಗೆ ಸ್ನಾಯುಗಳನ್ನು ಒಗ್ಗಿಸಲು ಚುರುಕಾದ ತಾಲೀಮುಗಳ ಕೆಲವು ವಾರಗಳು ಬೇಕು.

ಜೆನ್ಯಾಟಾ ಎಂಬ ಹೆಣ್ಣು ಕುದುರೆಯ ವಿಷಯದಲ್ಲಿ ನಡೆದ ವಾದ ನೆನಪಾಗುತ್ತದೆ. ಓಡಿದ ಇಪ್ಪತ್ತು ಪಂದ್ಯಗಳಲ್ಲಿ ಹತ್ತೊಂಬತ್ತನ್ನು ಗೆದ್ದ ಅದ್ಭುತ ಪ್ರಾಣಿ ಅದು. ಅವುಗಳಲ್ಲಿ ಹದಿನೇಳು ಕ್ಯಾಲಿಫೋರ್ನಿಯಾದ ಸಿಂಥೆಟಿಕ್ ಅಂಗಳಗಳಲ್ಲಿ. ಕೊನೆಯ ಪಂದ್ಯ, 2010ರ ಬ್ರೀಡರ್ಸ್ ಕಪ್ ಕ್ಲಾಸಿಕ್, ಚರ್ಚಿಲ್ ಡೌನ್ಸ್‌ನ ಮಣ್ಣಿನ ಮೇಲೆ. ಆರಂಭದಲ್ಲಿ ಅದು ಎಷ್ಟು ಹಿಂದೆ ಬಿತ್ತೆಂದರೆ ನೋಡುವವರ ಎದೆ ಝಲ್ಲೆಂದಿತು. ಅಲ್ಲಿಂದ ಒಂದೊಂದಾಗಿ ಎಲ್ಲರನ್ನೂ ದಾಟಿ ಬಂದು, ಬ್ಲೇಮ್ ಎಂಬ ಕುದುರೆಯೆದುರು ಒಂದು ತಲೆಯ ಅಂತರದಲ್ಲಿ ಸೋತಿತು. ‘ಸಿಂಥೆಟಿಕ್ ಕುದುರೆ’ ಎಂದು ಕೆಲವರು ಹಣೆಪಟ್ಟಿ ಹಚ್ಚಿದರು. ಅನ್ಯಾಯದ ಮಾತು. ಅರ್ಕನ್ಸಾದ ಓಕ್‌ಲಾನ್‌ನಲ್ಲಿ, ಮಣ್ಣಿನ ಮೇಲೆಯೇ, 2008ರಲ್ಲೂ 2010ರಲ್ಲೂ ಅದು ಆ್ಯಪಲ್ ಬ್ಲಾಸಮ್ ಪಂದ್ಯ ಗೆದ್ದಿತ್ತು. ನೆಲ ಅದನ್ನು ಸೋಲಿಸಲಿಲ್ಲ. ಮಣ್ಣಿನ ಪಂದ್ಯದ ಆರಂಭದ ವೇಗಕ್ಕೂ ಹಿಂದಿನಿಂದ ಬರುವ ಅದರ ಅಭ್ಯಾಸಕ್ಕೂ ನಡುವೆ ಒಂದು ತಲೆಯಷ್ಟು ಅಂತರ ಉಳಿಯಿತು, ಅಷ್ಟೇ.

ಇಷ್ಟೂ ಹೊರಗೆ ಕಾಣುವ ಸಂಗತಿಗಳು. ನಿಜವಾಗಿ ಎಚ್ಚರ ಬೇಕಾದದ್ದು ಮೂಳೆಯ ವಿಷಯದಲ್ಲಿ.

ಮೂಳೆ ಜೀವಂತ ವಸ್ತು. ತನ್ನ ಮೇಲೆ ಬೀಳುವ ಹೊರೆಯನ್ನು ಗ್ರಹಿಸಿ, ಹೊರೆ ಹೆಚ್ಚಿದಲ್ಲಿ ದಪ್ಪವಾಗುತ್ತದೆ, ಹೊರೆ ಇಳಿದಲ್ಲಿ ಸವೆಯುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯ ಡೇವಿಡ್ ನುನಮೇಕರ್ ಎಳೆಯ ಕುದುರೆಗಳ ಮುಂಗಾಲಿನ ಕೊಳವೆ ಮೂಳೆಯ ಮೇಲೆ ದಶಕಗಳ ಕಾಲ ಮಾಡಿದ ಕೆಲಸ ಇದನ್ನು ಮನಗಾಣಿಸಿತು. ಎರಡು ವರ್ಷದ ಕುದುರೆಗಳನ್ನು ಕಾಡುವ ಮುಂಗಾಲಿನ ಮೂಳೆನೋವು ಬಹುಪಾಲು, ಪಂದ್ಯದ ವೇಗದ ಹೊರೆಯನ್ನೇ ಕಾಣದ ಮೂಳೆಗೆ ಒಮ್ಮೆಗೇ ಆ ಹೊರೆ ಬಿದ್ದಾಗ ಬರುತ್ತದೆ. ಮೈಲಿಗಟ್ಟಲೆ ನಿಧಾನ ಓಟ ಆ ಮೂಳೆಯನ್ನು ಪಂದ್ಯಕ್ಕೆ ಸಿದ್ಧಗೊಳಿಸದು. ಬೇಕಾದದ್ದು ಚಿಕ್ಕ ಚಿಕ್ಕ ದೂರದ ವೇಗದ ಓಟ, ಹಂತ ಹಂತವಾಗಿ.

ಈಗ ಇದನ್ನು ನೆಲದ ಬದಲಾವಣೆಗೆ ಅನ್ವಯಿಸಿ. ಸಿಂಥೆಟಿಕ್‌ನಲ್ಲಿ ತಿಂಗಳುಗಟ್ಟಲೆ ಓಡಿದ ಕುದುರೆಯ ಹೃದಯ, ಶ್ವಾಸಕೋಶ, ಸ್ನಾಯು ಪಂದ್ಯಕ್ಕೆ ಸಂಪೂರ್ಣ ಸಿದ್ಧ. ಅದರ ಮೂಳೆ ಮಾತ್ರ ಸಿಂಥೆಟಿಕ್‌ನ ಮೆತ್ತನೆಯ ಬಡಿತಕ್ಕೆ ತಕ್ಕಂತೆ ಕಟ್ಟಿಕೊಂಡಿದೆ. ಡೇವಿಸ್‌ನ ಇನ್ನೊಂದು ಅಧ್ಯಯನ, 2013ರದ್ದು, ಮಣ್ಣಿನಲ್ಲಿ ಮತ್ತು ಸಿಂಥೆಟಿಕ್‌ನಲ್ಲಿ ಪಳಗಿದ ಕುದುರೆಗಳ ತೋಳಿನ ಮೂಳೆಯನ್ನು ಹೋಲಿಸಿ ನೋಡಿತು. ಒತ್ತಡದಿಂದ ಮೂಳೆ ತನ್ನನ್ನು ತಾನು ಮರುಕಟ್ಟಿಕೊಳ್ಳುತ್ತಿದ್ದ ಜಾಗಗಳೇ ಎರಡು ಗುಂಪುಗಳಲ್ಲಿ ಬೇರೆ ಬೇರೆಯಾಗಿದ್ದವು. ಕುದುರೆ ಯಾವ ನೆಲದಲ್ಲಿ ಓಡಿ ಬಂದಿದೆ ಎಂಬುದು ಅದರ ಮೂಳೆಯಲ್ಲಿ ಬರೆದಿರುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಆ ಮರುಕಟ್ಟುವ ಕೆಲಸದಲ್ಲೇ ಅಪಾಯ ಅಡಗಿದೆ. ಮಳೆಗಾಲಕ್ಕೆ ಮುಂಚೆ ಮಲೆನಾಡಿನ ಮನೆಯ ಮಾಡು ರಿಪೇರಿ ಮಾಡುವಾಗ ಹಳೆಯ ಹೆಂಚುಗಳನ್ನು ಮೊದಲು ಇಳಿಸಿ, ಆಮೇಲೆ ಹೊಸದನ್ನು ಹೊದಿಸುತ್ತಾರೆ. ನಡುವಿನ ದಿನಗಳಲ್ಲಿ ಮಾಡು ಬರಿದಾಗಿರುತ್ತದೆ. ಮೂಳೆಯದೂ ಅದೇ ಕ್ರಮ. ದಣಿದ ಮೂಳೆಯನ್ನು ಒಂದು ಬಗೆಯ ಜೀವಕೋಶಗಳು ಕರಗಿಸಿ ತೆಗೆಯುತ್ತವೆ. ಇದಕ್ಕೆ ವಾರಗಳು ಸಾಕು. ಇನ್ನೊಂದು ಬಗೆಯ ಜೀವಕೋಶಗಳು ಆ ಬಿಲಗಳನ್ನು ಹೊಸ ಮೂಳೆಯಿಂದ ತುಂಬುತ್ತವೆ. ಇದಕ್ಕೆ ತಿಂಗಳುಗಳೇ ಬೇಕು. ನಡುವಿನ ಅವಧಿಯಲ್ಲಿ ಮೂಳೆ ಹಿಂದಿಗಿಂತ ರಂಧ್ರಮಯ, ಹಿಂದಿಗಿಂತ ದುರ್ಬಲ. ಎರಡು ತಿಂಗಳೋ ಅದಕ್ಕೂ ಹೆಚ್ಚೋ ವಿಶ್ರಾಂತಿ ಪಡೆದು ಮರಳಿದ ಕುದುರೆಗಳಲ್ಲಿ ತೋಳಿನ ಮೂಳೆ ಮುರಿಯುವ ಸಂಭವ ಹೆಚ್ಚೆಂದು ಕ್ಯಾಲಿಫೋರ್ನಿಯಾದ ಸಂಶೋಧಕರು 1990ರ ದಶಕದಲ್ಲೇ ತೋರಿಸಿದ್ದರು. ನೆಲ ಬದಲಾದ ಕುದುರೆಯೂ ಅಂಥದೇ ದುರ್ಬಲ ಅವಧಿಯನ್ನು ಹಾದುಹೋಗುತ್ತದೆಂದು ಭಾವಿಸಿ ನಡೆದುಕೊಳ್ಳುವುದೇ ವಿವೇಕ.

ತಾಲೀಮಿನ ಸಮಯಗಳು ಇದನ್ನು ಹೇಳುವುದಿಲ್ಲ ಎಂಬುದೇ ತೊಡಕು. ಮೂರನೇ ವಾರಕ್ಕೆ ಕುದುರೆ ಮಣ್ಣಿನ ಮೇಲೆ ಹಾಯಾಗಿ ಓಡುತ್ತಿರುತ್ತದೆ, ಎರಚಾಟಕ್ಕೆ ಹೆದರುವುದಿಲ್ಲ, ನಾಲ್ಕು ಫರ್ಲಾಂಗನ್ನು ಚುರುಕಾಗಿ ಮುಗಿಸುತ್ತದೆ. ಮಾಲೀಕ ಪಂದ್ಯದ ದಿನ ಕೇಳುತ್ತಾನೆ. ಆಗಲೇ ಮೂಳೆ ತನ್ನ ಕೆಲಸದ ನಟ್ಟನಡುವೆ ಇರುವುದು. ಬೆಳಗ್ಗೆ ಲಾಯದಲ್ಲಿ ಕಾಲು ಸವರಿ ಬಿಸಿ ನೋಡುವುದು, ಗಟ್ಟಿ ನೆಲದ ಮೇಲೆ ದುಡುಕೆ ಓಡಿಸಿ ಕುಂಟನ್ನು ಗಮನಿಸುವುದು, ಸಂಶಯ ಬಂದರೆ ಮೂಳೆಯ ಸ್ಕ್ಯಾನ್ ಮಾಡಿಸುವುದು: ಇಷ್ಟು ಮಾಡದೆ ಗಡಿಯಾರವನ್ನಷ್ಟೇ ನಂಬುವವರು ಕುದುರೆಯ ಜೀವವನ್ನು ಪಣಕ್ಕಿಡುತ್ತಿದ್ದಾರೆ. ಅಮೆರಿಕದ ಗಾಯಗಳ ದಾಖಲೆಯಲ್ಲಿ ವರ್ಷದಿಂದ ವರ್ಷಕ್ಕೆ ಪ್ರತಿ ಸಾವಿರ ಓಟಕ್ಕೆ ಸಾಯುವ ಕುದುರೆಗಳ ಪ್ರಮಾಣ ಸಿಂಥೆಟಿಕ್‌ಗಿಂತ ಮಣ್ಣಿನಲ್ಲಿ ಹೆಚ್ಚೇ ಇದೆ. ಸಿಂಥೆಟಿಕ್ ಕೂಡ ನಿರಪಾಯವಲ್ಲ; ಬಿಗಿಯಾಗಿ ಹಿಡಿಯುವ ಆ ಹಾಸಿನಲ್ಲಿ ಹಿಂಗಾಲಿನ ತೊಂದರೆಗಳು ಹೆಚ್ಚೆಂದು ಅನೇಕ ಪಶುವೈದ್ಯರು, ತರಬೇತುದಾರರು ದೂರಿದ್ದಾರೆ. ಮಣ್ಣಿಗೆ ಬರುವಾಗ ಆ ಹಳೆಯ ನೋವನ್ನೂ ಕುದುರೆ ಹೊತ್ತು ತಂದಿರಬಹುದು.

ಹಾಗಾದರೆ ಚೆನ್ನಾಗಿ ದಾಟಿದ ಕುದುರೆಗಳು ಹೇಗೆ ದಾಟಿದವು? ಅಮೆರಿಕನ್ ಫರೋವಾನನ್ನೇ ನೋಡಿ. ಪಯನೀರಾಫ್ ದಿ ನೈಲ್‌ನ ಮಗನಾದ ಈ ಕುದುರೆ 2014ರ ಆಗಸ್ಟ್‌ನಲ್ಲಿ ಡೆಲ್ ಮಾರ್‌ನ ಪಾಲಿಟ್ರ್ಯಾಕ್ ಮೇಲೆ ಮೊದಲ ಪಂದ್ಯ ಓಡಿ ಐದನೆಯದಾಯಿತು, ಸೆಪ್ಟೆಂಬರ್‌ನಲ್ಲಿ ಅಲ್ಲೇ ಗೆದ್ದಿತು, ಆ ತಿಂಗಳ ಕೊನೆಗೆ ಸಾಂತಾ ಅನಿತಾದ ಮಣ್ಣಿನ ಮೇಲೂ ಗೆದ್ದಿತು. ಮುಂದಿನ ವರ್ಷ 37 ವರ್ಷಗಳಿಂದ ಯಾರಿಗೂ ದಕ್ಕದಿದ್ದ ಟ್ರಿಪಲ್ ಕ್ರೌನ್, ಅಂದರೆ ಡರ್ಬಿಯೂ ಸೇರಿ ಮೂರು ದೊಡ್ಡ ಪಂದ್ಯಗಳನ್ನು ಒಂದೇ ವರ್ಷ ಗೆದ್ದ ಗೌರವ, ಅದರದಾಯಿತು. ದಾಟಿದ್ದು ಎರಡನೇ ವರ್ಷದಲ್ಲೇ, ಮೂಳೆ ಇನ್ನೂ ಬೆಳೆಯುತ್ತ, ಹೊಸ ಹೊರೆಗೆ ಬೇಗ ಸ್ಪಂದಿಸುವ ವಯಸ್ಸಿನಲ್ಲಿ. ಡರ್ಬಿಗೆ ಮುನ್ನ ಏಳು ತಿಂಗಳ ಅವಕಾಶವೂ ಇತ್ತು.

ಟರ್ಫ್‌ವೇ ಪಾರ್ಕ್‌ನಿಂದ ಬರುವ ಕುದುರೆಗಳಿಗೆ ಅಷ್ಟು ಕಾಲವಿಲ್ಲ. ಅಲ್ಲಿಯ ಸಿಂಥೆಟಿಕ್ ಹಾಸಿನ ಮೇಲೆ ಮಾರ್ಚ್ ಕೊನೆಯ ಹೊತ್ತಿಗೆ ನಡೆಯುವ ದೊಡ್ಡ ಪಂದ್ಯಕ್ಕೂ ಮೇ ಮೊದಲ ಶನಿವಾರದ ಡರ್ಬಿಗೂ ನಡುವೆ ಇರುವುದು ಐದಾರು ವಾರ. ಗೊರಸಿಗೆ ಅದು ಧಾರಾಳ, ಮುಖಕ್ಕೆ ಸಾಕು, ಸ್ನಾಯುಗಳಿಗೆ ಹೇಗೋ ಸಾಲುತ್ತದೆ, ಮೂಳೆಗೆ ಸಾಲದು. ಆದರೂ 2022ರಲ್ಲಿ ಅಲ್ಲಿ ಮೂರನೆಯದಾದ ರಿಚ್ ಸ್ಟ್ರೈಕ್ ಒಂದಕ್ಕೆ ಎಂಬತ್ತರ ದರದಲ್ಲಿ ಡರ್ಬಿ ಗೆದ್ದಿತು. 2023ರಲ್ಲಿ ಅಲ್ಲಿ ಗೆದ್ದ ಟೂ ಫಿಲ್ಸ್ ಡರ್ಬಿಯಲ್ಲಿ ಎರಡನೆಯದಾಯಿತು. ಪತ್ರಿಕೆಗಳು ಇವನ್ನು ಸಿಂಥೆಟಿಕ್‌ನಿಂದ ಬಂದ ಅಚ್ಚರಿಗಳೆಂದು ಬಣ್ಣಿಸಿದವು. ಎರಡೂ ಕುದುರೆಗಳ ಹಳೆಯ ದಾಖಲೆ ತೆಗೆದು ನೋಡಿದರೆ ಅಚ್ಚರಿ ಕಡಿಮೆಯಾಗುತ್ತದೆ. ರಿಚ್ ಸ್ಟ್ರೈಕ್ ತನ್ನ ಮೊದಲ ಗೆಲುವನ್ನು 2021ರಲ್ಲಿ ಚರ್ಚಿಲ್ ಡೌನ್ಸ್‌ನ ಮಣ್ಣಿನ ಮೇಲೆಯೇ, ಹದಿನೇಳು ಕುದುರೆಯುದ್ದಕ್ಕೂ ಮೀರಿದ ಅಂತರದಲ್ಲಿ ಪಡೆದಿತ್ತು. ಟೂ ಫಿಲ್ಸ್ ಕೂಡ 2022ರ ಅಕ್ಟೋಬರ್‌ನಲ್ಲಿ ಅದೇ ಅಂಗಳದಲ್ಲಿ ಸ್ಟ್ರೀಟ್ ಸೆನ್ಸ್ ಸ್ಟೇಕ್ಸ್ ಗೆದ್ದಿತ್ತು. ಅವು ಮಣ್ಣಿಗೆ ಹೊಸಬರಾಗಿ ಬರಲಿಲ್ಲ, ಮರಳಿ ಬಂದವು.

ಮಣ್ಣಿನ ಮೇಲೆ ಒಂದೂ ಪಂದ್ಯ ಓಡದೆ ನೇರವಾಗಿ ಡರ್ಬಿ ಗೆದ್ದದ್ದು 2011ರ ಅನಿಮಲ್ ಕಿಂಗ್‌ಡಮ್. ತರಬೇತುದಾರ ಗ್ರಹಾಂ ಮೋಶನ್ ಅದನ್ನು ಮೇರಿಲ್ಯಾಂಡಿನ ಫೇರ್ ಹಿಲ್‌ನಲ್ಲಿ ಪಳಗಿಸುತ್ತಿದ್ದರು. ಅಲ್ಲಿ ಟಪೇಟಾ ಹಾದಿಯೂ ಇದೆ, ಮಣ್ಣಿನ ಹಾದಿಯೂ ಇದೆ. ಪಂದ್ಯಗಳ ಪಟ್ಟಿಯಲ್ಲಿ ‘ಮಣ್ಣು: ಸೊನ್ನೆ’ ಎಂದು ಓದಿದವರಿಗೆ ತಾಲೀಮಿನ ಬೆಳಗುಗಳು ಲೆಕ್ಕಕ್ಕೆ ಸಿಗುವುದಿಲ್ಲ. ಸಿಂಥೆಟಿಕ್‌ನಿಂದ ಮಣ್ಣಿಗೆ ಬರುವ ಕುದುರೆಯ ಬಗ್ಗೆ ನಾನು ಮೊದಲು ಕೇಳುವ ಪ್ರಶ್ನೆ ಅದರ ಕೊನೆಯ ಪಂದ್ಯದ ಸಮಯವಲ್ಲ. ಕಳೆದ ಆರು ತಿಂಗಳು ಅದು ಬೆಳಗ್ಗೆ ಯಾವ ನೆಲದ ಮೇಲೆ, ಎಷ್ಟು ವೇಗದಲ್ಲಿ ಓಡಿತು ಎಂಬುದು.